ನಾಲ್ಕನೆಯ ಮುಳುಗು

‘ಮುಳುಗಿ’ ಎನ್ನುವ ಮಾತನ್ನು ನಾನೀಗ ಯಾರಿಗೂ ಹೇಳುವುದಿಲ್ಲ. ಹಿಂದೆ ಹಾಗಿರಲಿಲ್ಲ. ನಂಜನಗೂಡಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಗಾಜಿನ ಈಚೆ ಕೂತು, ಮೈಕಿನ ಗುಂಡಿ ಒತ್ತಿಕೊಂಡು, ದಿನಕ್ಕೆ ಎಷ್ಟು ಸಲ ಆ ಮಾತು ಹೇಳುತ್ತಿದ್ದೆನೋ ಲೆಕ್ಕವಿಲ್ಲ. ಅದು ನಾನೇ ಕಂಡುಕೊಂಡ ಉಪಾಯ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಎಂ.ಆರ್.ಐ. ಯಂತ್ರಕ್ಕೆ ಅಲುಗಾಟ ಆಗಿಬರುವುದಿಲ್ಲ. ಸೊಂಟ, ಮಂಡಿಯ ಸ್ಕ್ಯಾನ್ ಆದರೆ ಅಲ್ಲಾಡದೆ ಮಲಗಿದರೆ ಸಾಕು. ಹೊಟ್ಟೆ, ಎದೆ ಅಂದರೆ ಹಾಗಲ್ಲ, ಉಸಿರನ್ನೇ ನಿಲ್ಲಿಸಬೇಕು. ‘ಉಸಿರು ಬಿಗಿಹಿಡಿಯಿರಿ’ ಅಂದರೆ ನಮ್ಮ ಕಡೆಯ ಜನ ಗಾಬರಿ ಬೀಳುತ್ತಾರೆ. ಕೆಲವರು ಕೆನ್ನೆ ಉಬ್ಬಿಸಿಕೊಂಡು ಮೂಗಲ್ಲಿ ಉಸಿರಾಡುತ್ತಿರುತ್ತಾರೆ, ಕೆಲವರು ‘ಇಡ್ಕಂಡೆ ಕಣವ್ವ’ ಎಂದು ಬಾಯಿಬಿಟ್ಟೇ ಹೇಳುತ್ತಾರೆ. ಒಂದು ದಿನ ರೇಗಿಹೋಗಿ, ‘ಅಜ್ಜಿ, ಹೊಳೇಲಿ ಮುಳುಗು ಹಾಕಲ್ವಾ ನೀವು? ಹಂಗೇ ಅನ್ಕೊಳ್ಳಿ. ನಾನು ಮುಳುಗಿ ಅಂದಾಗ ಮುಳುಗಿ, ಏಳಿ ಅಂದಾಗ ಏಳಿ’ ಅಂದೆ. ಆ ಅಜ್ಜಿ ಕಲ್ಲಿನ ಹಾಗೆ ಉಸಿರು ಹಿಡಿದರು. ಕಪಿಲಾ ನದಿಯ ದಡದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನೂ ಹೇಳಿಕೊಡಬೇಕೇ ಎಂದು ನನಗೆ ಖುಷಿಯಾಯಿತು. ಅಂದಿನಿಂದ ಎಲ್ಲರಿಗೂ ಅದನ್ನೇ ಹೇಳತೊಡಗಿದೆ.

ಹೊಟ್ಟೆಯ ಮೇಲೆ ಕಟ್ಟುವ ಒಂದು ಬೆಲ್ಟು ಇರುತ್ತದೆ. ಉಸಿರಾಡಿದಂತೆಲ್ಲ ಅದು ನಮ್ಮ ಪರದೆಯ ಮೇಲೆ ಅಲೆಯ ಹಾಗೆ ಗೆರೆ ಎಳೆಯುತ್ತದೆ, ಉಸಿರು ನಿಂತರೆ ಗೆರೆ ನೆಟ್ಟಗಾಗುತ್ತದೆ. ನಮ್ಮ ಬೆಲ್ಟು ಕೆಟ್ಟು ಬಹಳ ದಿನವಾಗಿತ್ತು. ಸೆಂಟರಿನ ಮಾಲೀಕರು ಇವತ್ತು ನಾಳೆ ಎನ್ನುತ್ತಲೇ ಇದ್ದರು. ನಾನೂ ಒತ್ತಾಯ ಮಾಡಲಿಲ್ಲ. ‘ನಂಗೆ ಬೆಲ್ಟ್ ಬೇಡ ಸಾರ್, ನನ್ ಬಾಯೇ ಸಾಕು’ ಎಂದು ಅವರ ಮುಂದೆ ಹೇಳಿದ್ದೆ. ಆ ಮಾತು ನೆನೆದರೆ ಈಗ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಪಕ್ಕದ ಹೆಡತಲೆ ಎಂಬ ಊರಿನ ಅಕ್ಕ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ಐವತ್ತರ ಆಸುಪಾಸು. ಮೂರು ತಿಂಗಳು ಬಿಡದ ಕೆಮ್ಮಿಗೆ ಎಕ್ಸ್‌ರೇ ತೆಗೆಸಿ, ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಬಲ ಶ್ವಾಸಕೋಶದ ಕೆಳಭಾಗದಲ್ಲಿ, ಎದೆಗೂ ಹೊಟ್ಟೆಗೂ ನಡುವಿನ ವಪೆಗಿಂತ ಎರಡು ಬೆರಳು ಮೇಲೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದೊಂದು ಗಂಟು ಕಂಡಿತ್ತು. ಚಿಕ್ಕಂದಿನಲ್ಲಿ ಅವರಿಗೆ ಕ್ಷಯ ಆಗಿತ್ತಂತೆ. ಇದು ಆ ಹಳೆಯ ಕ್ಷಯದ ಕಲೆಯೋ, ಹೊಸ ಕ್ಯಾನ್ಸರೋ ಎನ್ನುವುದೇ ಪ್ರಶ್ನೆ. ಸೂಜಿ ಚುಚ್ಚಿ ತುಣುಕು ತೆಗೆಯೋಣವೆಂದರೆ ಪಕ್ಕದಲ್ಲೇ ದೊಡ್ಡ ರಕ್ತನಾಳ. ಸಿ.ಟಿ.ಯ ಕಾಂಟ್ರಾಸ್ಟ್ ಔಷಧಿ ಹಾಕಿದಾಗ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು, ಮತ್ತೆ ಅದನ್ನು ಕೊಡುವ ಹಾಗಿಲ್ಲ. ಹೀಗಾಗಿ ಮೈಸೂರಿನ ಎದೆ ಸರ್ಜನ್ ಕಾಂಟ್ರಾಸ್ಟ್ ಹಾಕಿ ಎಂ.ಆರ್.ಐ. ಮಾಡಿಸಲು ಬರೆದುಕೊಟ್ಟಿದ್ದರು. ಇದಕ್ಕೆ ಹಾಕುವ ಔಷಧಿಯೇ ಬೇರೆ, ಗ್ಯಾಡೋಲಿನಿಯಂ. ಎದೆ ಕೊಯ್ದು ಶ್ವಾಸಕೋಶದ ಭಾಗ ತೆಗೆಯಬೇಕೋ ಬಿಡಬೇಕೋ ಎಂಬುದು ನಮ್ಮ ರಿಪೋರ್ಟಿನ ಮೇಲೆ ನಿಂತಿತ್ತು.

ಈ ಪರೀಕ್ಷೆಯನ್ನು ನನಗೆ ಹೇಳಿಕೊಟ್ಟವರು ನಮ್ಮ ರೇಡಿಯಾಲಜಿ ಡಾಕ್ಟರು. ಅವರು ಮೈಸೂರಿನಲ್ಲಿ ಕೂತು ಕಂಪ್ಯೂಟರಿನಲ್ಲೇ ನಮ್ಮ ಚಿತ್ರಗಳನ್ನು ನೋಡಿ ರಿಪೋರ್ಟು ಬರೆಯುತ್ತಾರೆ. ‘ಗಂಟು ಔಷಧಿ ಕುಡಿಯುತ್ತಾ ನೋಡಬೇಕಮ್ಮ’ ಎಂದು ಅವರು ಹೇಳಿದ್ದರು. ಔಷಧಿ ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಐದು ನಿಮಿಷದ ತನಕ ಬಿಟ್ಟು ಬಿಟ್ಟು ಆರು ಸಲ, ಒಟ್ಟು ಏಳು ಸಲ ಎದೆಯ ಚಿತ್ರ ತೆಗೆಯಬೇಕು. ಪ್ರತಿ ಸಲವೂ ಹದಿನೈದು ಸೆಕೆಂಡು ಉಸಿರು ನಿಲ್ಲಬೇಕು. ಆಮೇಲೆ ಗಂಟಿನ ಮೇಲೆ ಒಂದು ಪುಟ್ಟ ವೃತ್ತ ಇಟ್ಟರೆ, ಏಳೂ ಚಿತ್ರಗಳಲ್ಲಿ ಅದು ಎಷ್ಟು ಬೆಳ್ಳಗಾಗಿದೆ ಎಂದು ಯಂತ್ರವೇ ಗ್ರಾಫ್ ಹಾಕಿಕೊಡುತ್ತದೆ. ಹಳೆಯ ಒಣಗಿದ ಕಲೆಯಾದರೆ ಔಷಧಿ ಕುಡಿಯುವುದಿಲ್ಲ, ಗ್ರಾಫು ನೆಲಕ್ಕಂಟಿರುತ್ತದೆ. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಬೇಗ ಬೇಗ ಕುಡಿಯುತ್ತದೆ, ಆಮೇಲೆ ಬಿಡುತ್ತಾ ಬರುತ್ತದೆ. ಸೋಂಕಿನ ಗಂಟೂ ಕುಡಿಯುವುದುಂಟು, ಅದಕ್ಕೇ ಕುಡಿದದ್ದೆಲ್ಲ ಕ್ಯಾನ್ಸರಲ್ಲ. ಆದರೆ ಏನೂ ಕುಡಿಯದ ಗಂಟನ್ನು ಮಾತ್ರ ಸುಮ್ಮನೆ ಬಿಟ್ಟು ಕಾಯಬಹುದು.

ಮೂತ್ರಪಿಂಡದ ರಕ್ತಪರೀಕ್ಷೆ ಸರಿಯಿತ್ತು. ಅಕ್ಕನ ಕಾಲುಂಗುರ, ಪಿನ್ನು, ಬಳೆ ಎಲ್ಲ ಬಿಚ್ಚಿಸಿ, ನರ್ಸ್ ಕೈಗೆ ಸೂಜಿ ಕೂಡಿಸಿದರು. ನಾನು ಎದೆಯ ಮೇಲೆ ಚಿತ್ರ ಹಿಡಿಯುವ ಹಲಗೆ, ಕಾಯಿಲ್, ಇಟ್ಟು ಹೊದಿಸಿದೆ.

‘ಒಳೀಕೆ ಓದ್ಮೇಲೆ ಕಣ್ ಮುಚ್ಕಬೋದಾ ಕಣವ್ವಾ?’ ಎಂದು ಕೇಳಿದರು.

‘ಧಾರಾಳವಾಗಿ ಮುಚ್ಕೊಳ್ಳಿ. ಉಸಿರು ಮಾತ್ರ ನಾನು ಹೇಳಿದಂಗೆ. ಹೊಳೇಲಿ ಮುಳುಗ್ದಂಗೆ.’

‘ಓ, ಅದಾ. ಅದ್ಯೋನು ಕಷ್ಟ ಬುಡು.’

ಏಳು ಸಲವೂ ಮುಳುಗಿ, ಏಳಿ, ಮುಳುಗಿ, ಏಳಿ ಎಂದೆ. ಹೊರಗೆ ಆರು ಜನ ಕಾಯುತ್ತಿದ್ದರು. ಮೊದಲ ಮೂರು ಸಲದ ಚಿತ್ರಗಳು ಕನ್ನಡಿಯಂತೆ ಬಂದವು. ಆಮೇಲಿನವು ಒಂಚೂರು ಮಸುಕಾಗಿದ್ದವು. ಹೃದಯದ ಬಡಿತಕ್ಕೆ ಹಾಗಾಗುವುದುಂಟು ಎಂದು ಮುಂದಕ್ಕೆ ಹೋದೆ. ಮೊದಲ ಚಿತ್ರದಲ್ಲಿ ಗಂಟಿನ ಮೇಲೆ ವೃತ್ತ ಇಟ್ಟು, ಅದನ್ನೇ ಉಳಿದ ಆರಕ್ಕೂ ನಕಲು ಮಾಡಲು ಯಂತ್ರಕ್ಕೆ ಹೇಳಿದೆ. ಪ್ರತಿ ಚಿತ್ರವನ್ನೂ ತೆರೆದು ವೃತ್ತ ಗಂಟಿನ ಮೇಲೇ ಕೂತಿದೆಯೇ ಎಂದು ನೋಡಬೇಕು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ನೋಡಲಿಲ್ಲ. ಗ್ರಾಫು ಚೂರೇ ಚೂರು ಏರಿ ಮತ್ತೆ ಕೆಳಗೆ ಬಿದ್ದು ನೆಲಕ್ಕಂಟಿಕೊಂಡಿತು. ಇಂಟರ್‌ನೆಟ್ ಅವತ್ತು ತೆವಳುತ್ತಿತ್ತು. ಹಾಗಿದ್ದಾಗ ಗ್ರಾಫನ್ನೂ ಚೆನ್ನಾಗಿ ಬಂದ ಚಿತ್ರಗಳನ್ನೂ ಮೊದಲು ಕಳಿಸಿ, ಉಳಿದದ್ದನ್ನು ಆಮೇಲೆ ಕಳಿಸುವುದು ನಮ್ಮ ರೂಢಿ. ಚೆನ್ನಾಗಿ ಬಂದವು ಅಂದರೆ ಆ ಮೊದಲ ಮೂರು.

ಅಕ್ಕ ಯಂತ್ರದಿಂದ ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡರು. ಮುಖ ಒದ್ದೆಯಾಗಿರಲಿಲ್ಲ, ಆದರೂ ಒರೆಸಿಕೊಂಡರು.

‘ನೀನ್ ಯೋಳ್ದಂಗೇ ಮೂರ್ ಮುಳುಗೂ ಆಕ್ದೆ ಕಣವ್ವ. ಪುಣ್ಯ ಬಂತು’ ಎಂದರು.

ನಾನು ನಕ್ಕೆ. ಮುಂದಿನವರ ಹೆಸರು ಕೂಗಿದೆ.

ಸಂಜೆಗೆ ರಿಪೋರ್ಟು ಬಂತು. ಗಂಟು ಗಮನಾರ್ಹವಾಗಿ ಔಷಧಿ ಹೀರಿಲ್ಲ, ಹಳೆಯ ಕ್ಷಯದ ಕಲೆ ಇರಬಹುದು, ಆರು ತಿಂಗಳ ನಂತರ ಮತ್ತೆ ನೋಡಬಹುದು. ಮರುದಿನ ರಿಪೋರ್ಟು ಒಯ್ಯಲು ಬಂದ ಅಕ್ಕ, ಏನಿಲ್ಲ ಎಂದು ತಿಳಿದು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತರು. ಶಾಲೆ ಮಕ್ಕಳಿಗೆಲ್ಲ ಸಿಹಿ ಪೊಂಗಲು ಮಾಡಿ ಹಾಕುತ್ತೇನೆ ಅಂದರು. ನನಗೂ ಒಂದು ಡಬ್ಬಿ ಕಳಿಸಿದರು. ತುಪ್ಪ ಜಾಸ್ತಿಯೇ ಹಾಕಿದ್ದರು. ಚಪ್ಪರಿಸಿಕೊಂಡು ತಿಂದೆ.

ನಮ್ಮ ಮನೆ ಇರುವುದು ಟಿ. ನರಸೀಪುರದಲ್ಲಿ. ದಿನಾ ಸುತ್ತೂರಿನ ಮೇಲಿನ ಬಸ್ಸಿನಲ್ಲಿ ಓಡಾಟ. ಆ ಭಾನುವಾರ ಅಮಾವಾಸ್ಯೆ. ನಮ್ಮತ್ತೆಗೆ ಸಂಗಮದಲ್ಲಿ ಮುಳುಗು ಹಾಕಲೇಬೇಕು, ಆದರೆ ನೀರೆಂದರೆ ಪುಕ್ಕಲು. ಕೈ ಹಿಡಿದುಕೊಂಡು ನಾನೂ ಸೊಂಟದ ಮಟ್ಟ ಇಳಿದೆ. ಅಭ್ಯಾಸಬಲ, ಕನ್ಸೋಲಿನ ಮುಂದೆ ಕೂತವಳ ದನಿಯಲ್ಲೇ ಹೇಳತೊಡಗಿದೆ. ‘ಉಸಿರು ಬಿಗಿ ಹಿಡ್ಕೊಳ್ಳಿ ಅತ್ತೆ. ಮುಳುಗಿ. ಏಳಿ.’ ಅತ್ತೆ ನಗುತ್ತಾ ಮುಳುಗಿದರು, ಎದ್ದರು. ಎರಡಾಯಿತು, ಮೂರಾಯಿತು. ನನ್ನ ಬಾಯಿ ನಿಲ್ಲಲಿಲ್ಲ, ‘ಮುಳುಗಿ’ ಅಂದೇಬಿಟ್ಟೆ. ಅತ್ತೆ ಆಗಲೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಮೆಟ್ಟಿಲ ಕಡೆ ತಿರುಗಿದ್ದರು.

‘ಮೂರಾಯ್ತಲ್ಲವ್ವ, ಇನ್ಯೇನು?’ ಅಂದರು.

ನಾನು ನೀರಿನಲ್ಲೇ ನಿಂತುಬಿಟ್ಟೆ. ಹೆಡತಲೆಯ ಅಕ್ಕ ಒದ್ದೆಯಿಲ್ಲದ ಮುಖವನ್ನು ಒರೆಸಿಕೊಂಡದ್ದು ಕಣ್ಣ ಮುಂದೆ ಬಂತು. ಮೂರು ಮುಳುಗು ಹಾಕಿದೆ ಎಂದು ಆಕೆ ಹೇಳಿದ್ದರು. ನಾನು ಹೇಳಿದ್ದು ಏಳು ಸಲ. ಮಸುಕಾಗಿದ್ದ ಚಿತ್ರಗಳು ನಾಲ್ಕನೆಯದರಿಂದ ಏಳನೆಯದರ ತನಕ. ಅತ್ತೆ ಮೆಟ್ಟಿಲ ಮೇಲೆ ನಿಂತು ಕರೆಯುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ಒಂದು ಬಸ್ಸು ಮೊದಲೇ ಹೊರಟು, ಬೀಗ ತೆಗೆದವಳೇ ಆ ಫೈಲನ್ನು ತೆರೆದೆ. ಏಳೂ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. ಮೊದಲ ಮೂರರಲ್ಲಿ ವೃತ್ತ ಗಂಟಿನ ಮೇಲೆ ನೆಟ್ಟಗೆ ಕೂತಿತ್ತು. ನಾಲ್ಕನೆಯದರಲ್ಲಿ ವಪೆ ಮೇಲಕ್ಕೇರಿ, ಅದರೊಂದಿಗೆ ಗಂಟೂ ಒಂದೂವರೆ ಸೆಂಟಿಮೀಟರಿನಷ್ಟು ಜಾರಿತ್ತು. ವೃತ್ತ ಮಾತ್ರ ಇದ್ದಲ್ಲೇ ಇತ್ತು, ಬರೀ ಗಾಳಿಯ ಮೇಲೆ. ಐದು, ಆರು, ಏಳರಲ್ಲೂ ಅದೇ. ಗಾಳಿಯ ಬೆಳಕನ್ನು ಅಳೆದು ‘ಗಂಟು ಕುಡಿದಿಲ್ಲ’ ಎಂದು ಗ್ರಾಫು ಕೊಟ್ಟಿದ್ದೆ. ಮೊದಲ ಮೂರರಲ್ಲಿ ಒಂದು ಔಷಧಿಗೆ ಮುಂಚಿನದು, ಇನ್ನೆರಡು ಔಷಧಿ ಇನ್ನೂ ಗಂಟಿಗೆ ಸರಿಯಾಗಿ ಮುಟ್ಟುವ ಮೊದಲಿನವು. ಬೇಕಾದದ್ದೆಲ್ಲ ಆಮೇಲಿನ ನಾಲ್ಕರಲ್ಲಿತ್ತು. ಪ್ರತಿ ಚಿತ್ರದಲ್ಲೂ ಗಂಟನ್ನು ಹುಡುಕಿ ಹೊಸದಾಗಿ ವೃತ್ತ ಇಟ್ಟೆ. ಚಿತ್ರ ಮಸುಕು, ಅಳತೆ ನಂಬುವ ಹಾಗಿರಲಿಲ್ಲ. ಆದರೂ ಗೆರೆ ಈ ಸಲ ನೆಲಕ್ಕಂಟಲಿಲ್ಲ, ಮೇಲಕ್ಕೆ ಹೋಯಿತು.

ಅಷ್ಟರಲ್ಲಿ ಮಾಲೀಕರು ಬಂದರು. ತೋರಿಸಿದೆ.

‘ಆರು ತಿಂಗಳಿಗೆ ಹೆಂಗೂ ಬರ್ತಾರಲ್ಲಮ್ಮ, ಆವಾಗ ಸರಿಯಾಗಿ ತೆಗೆದರಾಯ್ತು. ಈಗ್ಯಾಕೆ ಗಾಬರಿಪಡಿಸೋದು?’ ಎಂದರು. ಕೆಟ್ಟ ಮನುಷ್ಯರಲ್ಲ. ನಿಧಾನವಾಗಿ, ನನಗೆ ಒಳ್ಳೆಯದಾಗಲಿ ಎನ್ನುವ ಹಾಗೇ ಹೇಳಿದರು.

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಅದೇ ಸರಿ ಅನ್ನಿಸಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಹಳೆಯ ಕಲೆಯೇ ಆಗಿದ್ದರೆ ಆಗುವುದೇನೂ ಇರಲಿಲ್ಲ. ಆದರೆ ಆ ಪೊಂಗಲಿನ ಡಬ್ಬಿ ನನ್ನ ಮೇಜಿನ ಮೇಲೆ ತೊಳೆದಿಟ್ಟ ಹಾಗೇ ಇತ್ತು, ವಾಪಸು ಕೊಡಬೇಕಾಗಿತ್ತು. ಆರು ತಿಂಗಳು ಅದನ್ನು ಇಟ್ಟುಕೊಂಡು ಕೂರಲು ನನ್ನಿಂದಾಗದು ಅನ್ನಿಸಿತು. ಮಾಲೀಕರ ಮುಂದೆಯೇ ಫೋನೆತ್ತಿ ಡಾಕ್ಟರಿಗೆ ಎಲ್ಲ ಹೇಳಿದೆ. ವೃತ್ತ ನೋಡದೆ ಇಟ್ಟದ್ದು, ಮಸುಕಾದ ಚಿತ್ರಗಳನ್ನು ತಡವಾಗಿ ಕಳಿಸಿದ್ದು, ಮುಳುಗು, ಮೂರು, ಎಲ್ಲ.

ಡಾಕ್ಟರು ತಮ್ಮ ಕಂಪ್ಯೂಟರಿನಲ್ಲಿ ಆ ಫೈಲು ತೆರೆದರು. ‘ಉಳಿದ ಚಿತ್ರ ಬಂದ ಮೇಲೆ ನಾನೂ ತೆಗೆದು ನೋಡ್ಬೇಕಿತ್ತು, ನೋಡಲಿಲ್ಲ. ರಿಪೋರ್ಟ್ ವಾಪಸ್ ತಗೋತೀನಿ. ಅವರನ್ನ ಕರೆಸಿ. ನಾನೇ ಬರ್ತೀನಿ’ ಎಂದರು. ಆಮೇಲೆ, ‘ಇದುವರೆಗೆ ಮಾಡಿದ ಎದೆ ಕೇಸೆಲ್ಲ ತೆಗೆದಿಡಿ. ಎಲ್ಲರಿಗೂ ಇದೇ ಮಾತು ಹೇಳಿದ್ರಾ?’ ಎಂದು ಕೇಳಿದರು.

ಹೌದು ಸಾರ್ ಅಂದೆ. ಆ ಪ್ರಶ್ನೆ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಹೆಡತಲೆಯ ಅಕ್ಕ ಫೋನಿನಲ್ಲಿ ಒಪ್ಪಲಿಲ್ಲ. ‘ಏನಿಲ್ಲ ಅಂದ್ಬುಟ್ಟು ಈಗ್ಯಾಕೆ ಕರೀತೀರಿ’ ಎಂದು ಇಟ್ಟುಬಿಟ್ಟರು. ಡಬ್ಬಿ ಹಿಡಿದುಕೊಂಡು ನಾನೇ ಹೋದೆ. ಶಾಲೆಯ ಅಡುಗೆಕೋಣೆಯಲ್ಲಿ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದರು. ನನ್ನನ್ನು ನೋಡಿ ಸೌಟು ಅಲ್ಲಿಟ್ಟರು.

‘ತಪ್ಪು ನಂದಕ್ಕಾ’ ಅಂದೆ. ‘ಏಳು ಸಲ ಉಸಿರು ನಿಲ್ಲಬೇಕಿತ್ತು. ನೀವು ಮೂರು ಸಲ ನಿಲ್ಲಿಸಿದ್ರಿ.’

‘ನಂದ್ಯೋನು ತಪ್ಪು? ಮುಳುಗು ಅಂದೆ, ಮೂರಾಕ್ದೆ. ಎಲ್ಲಾರ ಏಳ್ ಮುಳುಗು ಆಕದುಂಟಾ? ನೀನ್ ಮೈಕಲ್ಲಿ ಬಡ್ಕತನೇ ಇದ್ದೆ. ಇನ್ಯಾರ್ಗೋ ಯೋಳ್ತಾವ್ಳೆ ಅನ್ಕಂಡೆ.’

‘ಅದಕ್ಕೇ ಹೇಳ್ತಿರೋದು, ತಪ್ಪು ನಂದು.’

ಅಕ್ಕ ಒಲೆಯ ಉರಿ ತಗ್ಗಿಸಿದರು.

‘ಊರ್ಗೆಲ್ಲ ಯೋಳ್ಬುಟ್ಟಿವ್ನಿ ಏನಿಲ್ಲ ಅಂತ. ಐಕ್ಳಿಗೆ ಪೊಂಗ್ಲೂ ಆಕಿವ್ನಿ. ಈಗ ಅದೇನಾರ ಅದೇ ಆದ್ರೆ?’

‘ಅದೇ ಆದರೆ ಈಗಲೇ ಗೊತ್ತಾಗಬೇಕಲ್ವಾ ಅಕ್ಕಾ.’

‘ಗೊತ್ತಾಗ್ದೇ ಇದ್ದಾಗ ಸಂದಾಕಿದ್ದೆ’ ಎಂದರು. ಆ ಮಾತು ನನಗೆ ಇವತ್ತಿಗೂ ಆಗಾಗ ಕೇಳಿಸುತ್ತದೆ. ಆದರೆ ಮರುದಿನ ಬಂದರು.

ರಕ್ತಪರೀಕ್ಷೆ ಮತ್ತೆ ಮಾಡಿಸಿ, ಹಿಂದಿನ ಔಷಧಿ ಮೈಯಿಂದ ಹೋಗಲು ಸಾಕಷ್ಟು ದಿನವಾಗಿದೆ ಎಂದು ಡಾಕ್ಟರು ಖಾತ್ರಿ ಮಾಡಿಕೊಂಡರು. ಕನ್ಸೋಲಿನ ಮುಂದೆ ಅವರೇ ಕೂತರು. ನಾನು ಒಳಗೆ, ಯಂತ್ರದ ಬಾಯಿಯ ಪಕ್ಕ, ಕಿವಿಗೆ ಹತ್ತಿ ತುರುಕಿಕೊಂಡು ನಿಂತೆ. ಕೈಯನ್ನು ಅಕ್ಕನ ಹೊಟ್ಟೆಯ ಮೇಲೆ ಇಟ್ಟೆ. ಬೆಲ್ಟು ಇನ್ನೂ ಬಂದಿರಲಿಲ್ಲ. ಹೊಳೆಯ ಮಾತು ಬಿಟ್ಟೆವು. ಎದೆ ತುಂಬ ಎಳೆದು ಹಿಡಿದರೆ ಒಂದೊಂದು ಸಲ ಒಂದೊಂದು ಅಳತೆಗೆ ನಿಲ್ಲುತ್ತದೆ, ಪೂರ್ತಿ ಬಿಟ್ಟು ನಿಲ್ಲಿಸಿದರೆ ಪ್ರತಿ ಸಲವೂ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬರುತ್ತದೆ. ಅದನ್ನು ಮೇಜಿನ ಮೇಲೆಯೇ ಹತ್ತು ಸಲ ಅಭ್ಯಾಸ ಮಾಡಿಸಿದೆ. ‘ಏಳು ಸಲ ಅಕ್ಕ. ನಾನು ಹೊಟ್ಟೆ ಮೇಲೆ ತಟ್ತೀನಿ. ತಟ್ಟಿದಾಗ ಉಸಿರು ಪೂರಾ ಬಿಟ್ಟು ಹಂಗೇ ಇರಿ. ಎರಡು ಸಲ ತಟ್ಟಿದಾಗ ಉಸಿರಾಡಿ.’

ಒಂದು, ಎರಡು, ಮೂರು. ಮೂರಾದ ಮೇಲೆ ಆಕೆಯ ಕೈ ತಾನಾಗಿಯೇ ಸೆರಗಿಗಾಗಿ ತಡಕಾಡಿತು. ತಟ್ಟಿದೆ. ಕೈ ನಿಂತಿತು, ಹೊಟ್ಟೆ ಕೆಳಗಿಳಿದು ಅಲ್ಲೇ ನಿಂತಿತು. ನಾಲ್ಕು. ನಾನು ಗಾಜಿನ ಆಚೆಗೆ ಕೈಯೆತ್ತಿದೆ, ಡಾಕ್ಟರು ಗುಂಡಿ ಒತ್ತಿದರು. ಯಂತ್ರ ಬಡಿಯತೊಡಗಿತು. ಆ ಹದಿನೈದು ಸೆಕೆಂಡು ನಾನೂ ಉಸಿರಾಡಲಿಲ್ಲ. ಐದು, ಆರು, ಏಳೂ ಹಾಗೇ ಮುಗಿದವು.

ಈ ಸಲ ಡಾಕ್ಟರೇ ಏಳು ಚಿತ್ರಗಳಲ್ಲೂ ಒಂದೊಂದಾಗಿ ವೃತ್ತ ಇಟ್ಟರು. ಗೆರೆ ಎರಡನೇ ನಿಮಿಷಕ್ಕೆಲ್ಲ ನೆತ್ತಿಗೇರಿ, ಆಮೇಲೆ ನಿಧಾನವಾಗಿ ಇಳಿಯುತ್ತಾ ಬಂತು.

‘ಇದು ಬಿಡೋ ಗಂಟಲ್ಲ’ ಎಂದರು.

ಸರ್ಜನ್ ಹದಿನೈದು ದಿನದೊಳಗೆ ಶ್ವಾಸಕೋಶದ ಆ ಭಾಗ ತೆಗೆದರು. ಕ್ಯಾನ್ಸರೇ ಆಗಿತ್ತು. ಆದರೆ ಎಲ್ಲಿಗೂ ಹರಡಿರಲಿಲ್ಲ. ಆರು ತಿಂಗಳು ಬಿಟ್ಟಿದ್ದರೆ ಈ ಮಾತು ಹೇಳಲು ಆಗುತ್ತಿತ್ತೋ ಇಲ್ಲವೋ ಎಂದು ಸರ್ಜನ್ ನಮ್ಮ ಡಾಕ್ಟರಿಗೆ ಹೇಳಿದರಂತೆ. ಅಕ್ಕ ಈಗ ಮತ್ತೆ ಶಾಲೆಗೆ ಹೋಗುತ್ತಿದ್ದಾರೆ. ದೊಡ್ಡ ಪಾತ್ರೆ ಎತ್ತಲು ಆಗುವುದಿಲ್ಲ, ಅದನ್ನು ಜೊತೆಯವರು ಎತ್ತುತ್ತಾರೆ. ಒಮ್ಮೆ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ‘ಏನವ್ವ ಮೂರ್ ಮುಳುಗು’ ಎಂದು ಛೇಡಿಸಿದರು. ಇಲ್ಲಿಗೆ ಮುಗಿದಿದ್ದರೆ ನಾನೂ ನಗುತ್ತಿದ್ದೆ.

ಡಾಕ್ಟರು ಕೇಳಿದಂತೆ ಹಳೆಯ ಎದೆ ಕೇಸುಗಳನ್ನೆಲ್ಲ ತೆಗೆದಿಟ್ಟಿದ್ದೆ. ಹೆಚ್ಚೇನಿರಲಿಲ್ಲ. ನಾವಿಬ್ಬರೂ ಕೂತು ಒಂದೊಂದನ್ನೂ ಮತ್ತೆ ನೋಡಿದೆವು. ಬಹಳಷ್ಟರಲ್ಲಿ ತೊಂದರೆ ಕಾಣಲಿಲ್ಲ, ಆ ಜನ ಏಳೂ ಸಲ ಉಸಿರು ಹಿಡಿದಿದ್ದರು. ಒಂದಿಬ್ಬರದು ಮೂರರಲ್ಲೇ ನಿಂತಿದ್ದರೂ ಆಮೇಲಿನ ಸಿ.ಟಿ.ಗಳಲ್ಲಿ ಗಂಟು ಹಾಗೇ ಉಳಿದು, ಹಳೆಯ ಕಲೆ ಎಂದೇ ಸಾಬೀತಾಗಿತ್ತು. ಕೊನೆಗೆ ಒಂದು ಉಳಿಯಿತು, ವರ್ಷದ ಹಿಂದಿನದು.

ಅವರು ನಮ್ಮ ನರಸೀಪುರದ ಕಡೆಯವರೇ, ಪಕ್ಕದ ಹಳ್ಳಿ. ನಾಲೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯಾಗಿದ್ದವರು. ಉದ್ದ ಆಳು, ಬಾಯಿಬಡುಕ, ಮೇಜಿನ ಮೇಲೆ ಮಲಗಿಕೊಂಡೇ ‘ನಾನು ಉಸ್ರು ಇಡ್ದ್ರೆ ನಾಲೇನೇ ನಿಂತೋಯ್ತದೆ ಕಣ್ ಮೇಡಮ್ಮು’ ಎಂದು ನಗಿಸಿದ್ದರು. ಅವರ ಏಳು ಚಿತ್ರಗಳನ್ನು ತೆರೆದೆವು. ಮೂರರ ತನಕ ವೃತ್ತ ಗಂಟಿನ ಮೇಲೆ, ನಾಲ್ಕರಿಂದ ಗಾಳಿಯ ಮೇಲೆ. ನಾವು ಕೊಟ್ಟ ರಿಪೋರ್ಟು, ಗಮನಾರ್ಹವಾಗಿ ಹೀರಿಲ್ಲ, ಆರು ತಿಂಗಳ ನಂತರ ನೋಡಬಹುದು. ಆರು ತಿಂಗಳಿಗೆ ಅವರು ಬಂದ ದಾಖಲೆ ಇರಲಿಲ್ಲ.

ಡಾಕ್ಟರು ಏನೂ ಹೇಳುವ ಮೊದಲೇ ನಾನು ಫೋನು ಮಾಡಿದೆ. ಮಗಳು ಎತ್ತಿದರು. ‘ಅಪ್ಪ ಓಗಿ ನಾಕ್ ತಿಂಗ್ಳಾಯ್ತಲ್ಲ ಮೇಡಂ. ಎದೇಲಿ ಗಡ್ಡೆ ಇತ್ತಂತೆ, ಎಲ್ಲಾ ಕಡೆ ಅರ್ಡ್ಕಂಡಿತ್ತು. ಮೈಸೂರ್ಗೆ ಕರ್ಕಂಡ್ ಓಗೊತ್ಗೆ ತಡ ಆಗೋಗಿತ್ತು’ ಎಂದರು.

ಪತ್ರ ಬರೆದು ಕಳಿಸೋಣ, ಅದರಲ್ಲಿ ತಪ್ಪು ಒಪ್ಪಿಕೊಳ್ಳೋಣ ಎಂದು ಡಾಕ್ಟರು ಹೇಳಿದರು. ಬರೆದೂ ಕೊಟ್ಟರು. ಆ ಪತ್ರವನ್ನು ಅಂಚೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಎರಡು ವಾರ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ. ಆ ಎರಡು ವಾರ ಬಸ್ಸಿನಲ್ಲಿ ಕೂತರೂ, ಅನ್ನಕ್ಕಿಟ್ಟರೂ, ಕನ್ಸೋಲಿನ ಮುಂದೆ ಕೂತರೂ ನನ್ನದೇ ದನಿ ಕಿವಿಯಲ್ಲಿ. ಮುಳುಗಿ, ಏಳಿ, ಮುಳುಗಿ, ಏಳಿ. ಮೂರರ ನಂತರ ಆ ದನಿಗೆ ಆಚೆಯಿಂದ ಉತ್ತರವೇ ಬರುತ್ತಿರಲಿಲ್ಲ. ಖಾಲಿ ಕೋಣೆಗೆ ಹೇಳಿದ ಹಾಗೆ. ಸುತ್ತೂರಿನ ಹತ್ತಿರ ಬಸ್ಸಿನ ಕಿಟಕಿಯಲ್ಲಿ ಹೊಳೆ ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದೆ. ನೀರುಗಂಟಿಯವರು ಉಸಿರನ್ನು ಬೇಕೆಂದೇ ಬಿಟ್ಟರೋ, ಕೆಮ್ಮು ಬಂದು ಬಿಟ್ಟರೋ, ಸುಸ್ತಾಗಿ ಬಿಟ್ಟರೋ ಯಾರಿಗೆ ಗೊತ್ತು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಕೆಮ್ಮು ಬಂದು ಬಿಟ್ಟಿದ್ದರೆ ನನ್ನ ಮಾತಿನ ತಪ್ಪಲ್ಲವಲ್ಲ. ನಾಚಿಕೆಗೆಟ್ಟ ಲೆಕ್ಕ, ಆದರೆ ಹಾಕುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಹೋದೆ. ಮಗಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಗೋಡೆಯ ಮೇಲೆ ನೀರುಗಂಟಿಯವರ ಫೋಟೋ, ಹಾರ ಬಾಡಿತ್ತು. ನಂಜನಗೂಡಿನ ಸ್ಕ್ಯಾನಿಂಗ್ ಸೆಂಟರಿನಿಂದ ಬಂದೆ ಎನ್ನುತ್ತಿದ್ದ ಹಾಗೇ ಆಕೆಯ ಮುಖ ಅರಳಿತು.

‘ಅಯ್ಯೋ, ನೀವೇನಾ ಮುಳುಗು ಮೇಡಮ್ಮು? ಕುಂತ್ಕಳಿ, ಕುಂತ್ಕಳಿ’ ಎಂದು ಮೊರ ಪಕ್ಕಕ್ಕಿಟ್ಟರು. ‘ನಮ್ಮಪ್ಪ ಊರ್ ತುಂಬ ಯೋಳ್ತಿದ್ರು ನಿಮ್ ಕತೆಯ. ಟೀ ಅಂಗ್ಡೀಲಿ ಕುಂತ್ರೆ ಅದೇ. ಆಯಮ್ಮ ಒಳೇಲಿ ಮುಳುಗು ಅಂದ್ಳು, ಮೂರ್ ಮುಳುಗು ಆಕ್ದೆ, ಎದ್ದೆ. ಆಯಮ್ಮ ಮುಳುಗಿ ಮುಳುಗಿ ಅಂತಾನೇ ಅವ್ಳೆ! ನಾನು ಸುಮ್ಕೆ ಕಣ್ಮುಚ್ಕಂಡು ಉಸ್ರಾಡ್ತಾ ಮನೀಕಂಡಿದ್ದೆ, ಆಯಮ್ಮಂಗೆ ಗೊತ್ತೇ ಆಗ್ನಿಲ್ಲ, ಅಂತ.’

ಆಕೆ ಅಪ್ಪನ ದನಿ ತೆಗೆದು ಹೇಳಿ ನಕ್ಕರು. ನಗುತ್ತಾ ಕಣ್ಣೊರೆಸಿಕೊಂಡರು. ‘ತಿಥಿ ದಿನಾನೂವೆ ಎಲ್ರೂ ಇದ್ನೇ ಯೋಳ್ಕಂಡು ನಕ್ಕುದ್ದು ಕಣಕ್ಕ. ಅತ್ತು ಅತ್ತು ಸಾಕಾಗಿತ್ತು, ಚಿಕ್ಕಪ್ಪ ಇದ್ನ ತೆಗುದ್ರು ನೋಡಿ’ ಎಂದರು.

ಕಾಫಿ ತರಲು ಎದ್ದವರನ್ನು ಕೈಹಿಡಿದು ಕೂರಿಸಿದೆ. ಪತ್ರ ತೆಗೆಯಲಿಲ್ಲ. ಬಾಯಲ್ಲೇ ಹೇಳಿದೆ. ಏಳು ಸಲ ಏಕೆ ಬೇಕಿತ್ತು, ಮೂರರ ನಂತರ ಗಂಟು ಎಲ್ಲಿಗೆ ಜಾರಿತು, ನಾನು ಏನನ್ನು ನೋಡದೆ ಬಿಟ್ಟೆ, ಏನಿಲ್ಲ ಎಂದು ಹೇಗೆ ಬರೆದೆವು. ಅವತ್ತೇ ಸರಿಯಾಗಿ ಕಂಡಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ, ಆದರೆ ಕಾಣಬೇಕಾಗಿತ್ತು ಎಂದೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದುಕೊಂಡೇ ಹೋಗಿದ್ದೆ. ಆಕೆ ಬೈಯಲಿಲ್ಲ. ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡು, ಒಂದು ಕಾಯಿ ಬಿಡಿಸಿ, ಕಾಳನ್ನು ಕೈಯಲ್ಲೇ ಇಟ್ಟುಕೊಂಡು ಕೂತರು. ಗೋಡೆಯ ಫೋಟೋ ನೋಡಿದರು.

ಆಮೇಲೆ ಹೇಳಿದರು, ‘ಅಂಗಾರೆ ಈ ಕತೆಯ ಇನ್ಮ್ಯಾಕೆ ಯಾರ್ಗೂ ಯೋಳಂಗಿಲ್ಲ ಅಲ್ವಾ ಅಕ್ಕಾ? ಅಪ್ಪುನ್ನ ನೆನುಸ್ಕಂಡು ನಗಾಕೆ ನಮ್ಗಿದ್ದುದ್ದು ಇದೊಂದೇಯ.’